ಆರ್‌ಎನ್‌ಎ ನುಡಿಯುವ ಭವಿಷ್ಯ ಮತ್ತು ಜೀರ್ಣಾಂಗಗಳ ಕ್ಯಾನ್ಸರ್



ದೊಡ್ಡ ಕರುಳಿನ ಗಡ್ಡೆಯನ್ನು ಆಪರೇಷನ್ ಮಾಡಿ ತೆಗೆದ ಮೇಲೆ ಪೆಥಾಲಜಿ ವರದಿ ಬರುತ್ತದೆ. ಗಡ್ಡೆ ಕರುಳಿನ ಸ್ನಾಯುಪದರವನ್ನು ದಾಟಿದೆ, ಆದರೆ ಸುತ್ತಲಿನ ದುಗ್ಧಗ್ರಂಥಿಗಳಲ್ಲಿ ಕ್ಯಾನ್ಸರ್ ಕೋಶ ಕಂಡಿಲ್ಲ ಎಂದು ಬರೆದಿದ್ದರೆ ಅದು ಎರಡನೆಯ ಹಂತ. ಈ ಹಂತದವರಲ್ಲಿ ಹೆಚ್ಚುಕಡಿಮೆ ನೂರಕ್ಕೆ ಎಂಬತ್ತು ಮಂದಿ ಬರೀ ಆಪರೇಷನ್ನಿನಿಂದಲೇ ಪಾರಾಗುತ್ತಾರೆ. ಉಳಿದವರಿಗೆ ಕೆಲವೇ ವರ್ಷಗಳಲ್ಲಿ ಪಿತ್ತಜನಕಾಂಗದಲ್ಲೋ ಶ್ವಾಸಕೋಶದಲ್ಲೋ ರೋಗ ಮತ್ತೆ ತಲೆಯೆತ್ತುತ್ತದೆ. ಎಲ್ಲರಿಗೂ ಕೀಮೋ ಕೊಟ್ಟುಬಿಡೋಣವೇ? ಬ್ರಿಟನ್ನಿನಿಂದ ನಡೆಸಿದ ಕ್ವೇಸರ್ ಪ್ರಯೋಗದಲ್ಲಿ 3,239 ರೋಗಿಗಳನ್ನು, ಅವರಲ್ಲಿ ಬಹುಪಾಲು ಈ ಹಂತದವರೇ, ಚೀಟಿ ಎತ್ತಿ ಎರಡು ಗುಂಪು ಮಾಡಿ ನೋಡಿದರು. 2007ರಲ್ಲಿ ಬಂದ ಉತ್ತರ: ಕೀಮೋದಿಂದ ಹೆಚ್ಚುವರಿಯಾಗಿ ಬದುಕುಳಿಯುವವರು ನೂರಕ್ಕೆ ಮೂರೂವರೆ ಮಂದಿ. ಉಳಿದವರಲ್ಲಿ ಹೆಚ್ಚಿನವರು ಕೀಮೋ ಇಲ್ಲದೆಯೂ ಬದುಕುತ್ತಿದ್ದರು, ಕೆಲವರು ಕೀಮೋ ಪಡೆದೂ ಉಳಿಯಲಿಲ್ಲ. ಆ ಮೂರೂವರೆ ಮಂದಿ ಯಾರು ಎಂಬುದನ್ನು ಮೊದಲೇ ತಿಳಿಯಬಹುದೇ? ಗಡ್ಡೆಯ ಒಳಗಿನ ಆರ್‌ಎನ್‌ಎಯನ್ನು ಅಳೆದರೆ ತಿಳಿಯಬಹುದು ಎಂಬ ಭರವಸೆಯ ಮೇಲೆ ಇಪ್ಪತ್ತು ವರ್ಷಗಳಿಂದ ಸಾವಿರಾರು ಸಂಶೋಧನಾ ಪ್ರಬಂಧಗಳು ಬಂದಿವೆ. ಆ ಭರವಸೆಯಲ್ಲಿ ಗಟ್ಟಿ ಎಷ್ಟು, ಜೊಳ್ಳು ಎಷ್ಟು ಎಂಬುದೇ ಈ ಉಪನ್ಯಾಸದ ವಿಷಯ.

ಜೀರ್ಣಾಂಗಗಳನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ. 2022ರ ಜಾಗತಿಕ ಅಂದಾಜಿನ ಪ್ರಕಾರ ಕರುಳಿನ ಕ್ಯಾನ್ಸರ್ ಆ ಒಂದು ವರ್ಷದಲ್ಲಿ 19 ಲಕ್ಷ ಜನರಿಗೆ ಹೊಸದಾಗಿ ಬಂತು, 9 ಲಕ್ಷ ಜನ ಅದರಿಂದ ಸತ್ತರು. ಮೇದೋಜ್ಜೀರಕ ಗ್ರಂಥಿಯ ಕ್ಯಾನ್ಸರ್ ಬಂದವರು ಸುಮಾರು 5.1 ಲಕ್ಷ, ಸತ್ತವರು 4.67 ಲಕ್ಷ. ಒಂದೇ ಅನ್ನಮಾರ್ಗಕ್ಕೆ ಸೇರಿದ ಎರಡು ಅಂಗಗಳು. ಒಂದರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಉಳಿಯುವ ಲೆಕ್ಕ, ಇನ್ನೊಂದರಲ್ಲಿ ಬಂದವರ ಸಂಖ್ಯೆಯೂ ಸತ್ತವರ ಸಂಖ್ಯೆಯೂ ಹತ್ತಿರಹತ್ತಿರ. ಹೀಗಿರುವಾಗ ಭವಿಷ್ಯ ನುಡಿಯುವ ಸೂಚಕಕ್ಕೆ ಎರಡೂ ಕಡೆ ಒಂದೇ ಕೆಲಸ ಇರಲಾರದು. ನನ್ನ ವಾದ ಇಷ್ಟು. ಯಾರು ಬೇಗ ಸಾಯುತ್ತಾರೆ, ಯಾರು ತಡವಾಗಿ ಎಂದು ಗೆರೆ ಎಳೆದು ತೋರಿಸುವುದು ಆರ್‌ಎನ್‌ಎ ಸೂಚಕಕ್ಕೆ ಬಲು ಸುಲಭದ ಕೆಲಸ, ಅದು ಸುಲಭವಾಗಿರುವುದರಿಂದಲೇ ಅದರ ಬೆಲೆ ಕಡಿಮೆ. ಈಗಾಗಲೇ ಕೈಯಲ್ಲಿರುವ ಪೆಥಾಲಜಿ ವರದಿ ಹೇಳದ ಒಂದನ್ನು ಹೇಳಿ, ವೈದ್ಯರು ನಾಳೆ ಕೊಡುವ ಚಿಕಿತ್ಸೆಯನ್ನು ಬದಲಿಸಿ, ಹಾಗೆ ಬದಲಿಸಿದ್ದರಿಂದ ರೋಗಿಗೆ ಒಳಿತಾಯಿತೆಂದು ತೋರಿಸಿದ ಮೇಲೆ ಮಾತ್ರ ಅದನ್ನು ಸೂಚಕವೆನ್ನಬೇಕು. ಈ ಅಳತೆಗೋಲು ಹಿಡಿದರೆ ರಾಶಿಯಲ್ಲಿ ಉಳಿಯುವುದು ಬಹಳ ಕಡಿಮೆ.

ಆರ್‌ಎನ್‌ಎ ಬಗ್ಗೆ ಎರಡು ಮಾತು. ನಮ್ಮ ಪ್ರತಿ ಜೀವಕೋಶದಲ್ಲೂ ಡಿಎನ್‌ಎ ಹೆಚ್ಚುಕಡಿಮೆ ಒಂದೇ. ಕರುಳಿನ ಕೋಶ ಕರುಳಿನದಾಗಿ, ಯಕೃತ್ತಿನ ಕೋಶ ಯಕೃತ್ತಿನದಾಗಿ ಇರುವುದು ಆ ಡಿಎನ್‌ಎಯ ಯಾವ ಯಾವ ಭಾಗ ಈಗ ನಕಲಾಗುತ್ತಿದೆ ಎಂಬುದರಿಂದ. ಆ ನಕಲುಗಳೇ ಆರ್‌ಎನ್‌ಎ. ಆದ್ದರಿಂದ ಕೋಶ ಈ ಗಳಿಗೆಯಲ್ಲಿ ಏನು ಮಾಡುತ್ತಿದೆ ಎಂಬುದಕ್ಕೆ ಆರ್‌ಎನ್‌ಎ ಸಾಕ್ಷಿ. ಪ್ರೋಟೀನ್ ತಯಾರಿಗೆ ಬೇಕಾದ ಜೀನುಗಳು ಸುಮಾರು 20 ಸಾವಿರ. ಅವುಗಳಲ್ಲಿ ಪ್ರೋಟೀನಿನ ಬರಹವಿರುವ ಭಾಗ ಇಡೀ ಜೀನೋಮಿನ ನೂರಕ್ಕೆ ಒಂದೆರಡು ಪಾಲಷ್ಟೇ. ಉಳಿದ ಭಾಗದಿಂದಲೂ ಬೇಕಾದಷ್ಟು ಆರ್‌ಎನ್‌ಎ ಹೊರಡುತ್ತದೆ. 1993ರಲ್ಲಿ ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರವ್ಕುನ್ ಒಂದು ಮಿಲಿಮೀಟರ್ ಉದ್ದದ ಹುಳುವಿನಲ್ಲಿ ಲಿನ್-4 ಎಂಬ ಚೋಟುದ್ದದ ಆರ್‌ಎನ್‌ಎ ಪ್ರೋಟೀನ್ ಆಗದೆಯೇ ಇನ್ನೊಂದು ಜೀನಿನ ಬಾಯಿ ಮುಚ್ಚಿಸುತ್ತದೆ ಎಂದು ತೋರಿಸಿದರು. ಉದ್ದ ಬರೀ 22 ಅಕ್ಷರ. ಏಳು ವರ್ಷ ಅದನ್ನು ಹುಳುವಿನ ವಿಚಿತ್ರವೆಂದೇ ತಳ್ಳಿಹಾಕಲಾಗಿತ್ತು. 2000ದಲ್ಲಿ ಲೆಟ್-7 ಸಿಕ್ಕಿ, ಅದು ಮನುಷ್ಯನಲ್ಲೂ ಇದೆ ಎಂದಾದ ಮೇಲೆ ಬಾಗಿಲು ತೆರೆಯಿತು. 2024ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಇಂಥ ಮೈಕ್ರೋ ಆರ್‌ಎನ್‌ಎಗಳ ಜೊತೆಗೆ ಇನ್ನೂರಕ್ಕಿಂತ ಹೆಚ್ಚು ಅಕ್ಷರಗಳ ಉದ್ದನೆಯ, ಪ್ರೋಟೀನ್ ಆಗದ ಆರ್‌ಎನ್‌ಎಗಳೂ ಸಾವಿರಗಟ್ಟಲೆ ಇವೆ. ಸೂಚಕ ಹುಡುಕುವವರಿಗೆ ಇದು ಹಬ್ಬ. ಅದರಲ್ಲೂ ಮೈಕ್ರೋ ಆರ್‌ಎನ್‌ಎಗೆ ಒಂದು ಪ್ರಾಯೋಗಿಕ ಅನುಕೂಲವಿದೆ: ಉದ್ದನೆಯ ಆರ್‌ಎನ್‌ಎ ಫಾರ್ಮಲಿನ್‌ನಲ್ಲಿ ನೆನೆದು ಮೇಣದ ಬ್ಲಾಕಿನಲ್ಲಿ ಕೂತರೆ ಚೂರುಚೂರಾಗುತ್ತದೆ, ಇದು ಚಿಕ್ಕದಾದ್ದರಿಂದ ಬಹುಮಟ್ಟಿಗೆ ಉಳಿದುಕೊಳ್ಳುತ್ತದೆ.

2008ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನವನ್ನು ಈ ಕ್ಷೇತ್ರದ ಒಳ್ಳೆಯ ಮಾದರಿಯಾಗಿ ತೆಗೆದುಕೊಳ್ಳಬಹುದು. ಮೇರಿಲ್ಯಾಂಡಿನ 84 ರೋಗಿಗಳ ಕರುಳಿನ ಗಡ್ಡೆಗಳಲ್ಲಿ ಮಿರ್-21 ಎಂಬ ಮೈಕ್ರೋ ಆರ್‌ಎನ್‌ಎ ಹೆಚ್ಚಿದ್ದವರು ಬೇಗ ಸತ್ತರು. ಅಷ್ಟಕ್ಕೇ ನಿಲ್ಲದೆ, ಹಾಂಗ್‌ಕಾಂಗ್‌ನ 113 ರೋಗಿಗಳಲ್ಲಿ ಅದನ್ನೇ ಮತ್ತೆ ಅಳೆದರು, ಫಲಿತಾಂಶ ನಿಂತಿತು. ಬೇರೆ ಊರು, ಬೇರೆ ಜನ, ಅದೇ ಉತ್ತರ. ರೋಗದ ಹಂತವನ್ನು ಲೆಕ್ಕಕ್ಕೆ ಹಿಡಿದ ಮೇಲೂ ಮಿರ್-21ರ ಸೂಚನೆ ಅಳಿಯಲಿಲ್ಲ. ಹಾಗಿದ್ದೂ ಇಂದು ಎರಡನೆಯ ಹಂತದ ರೋಗಿಗೆ ಕೀಮೋ ಕೊಡಬೇಕೇ ಬೇಡವೇ ಎಂದು ತೀರ್ಮಾನಿಸಲು ಮಿರ್-21 ಅಳೆಸುವುದು ವಾಡಿಕೆಯಾಗಿಲ್ಲ. ಕಾರಣ ಸೋಮಾರಿತನವಲ್ಲ. 2011ರಲ್ಲಿ ಡೆನ್ಮಾರ್ಕಿನ ಸಂಶೋಧಕರು ಗಡ್ಡೆಯ ತೆಳು ಪದರಗಳಲ್ಲಿ ಮಿರ್-21 ಎಲ್ಲಿ ಕೂತಿದೆ ಎಂದು ಬಣ್ಣ ಹಚ್ಚಿ ನೋಡಿದಾಗ, ಅದು ಬಹಳ ಮಟ್ಟಿಗೆ ಕಂಡದ್ದು ಕ್ಯಾನ್ಸರ್ ಕೋಶಗಳ ಸುತ್ತಲಿನ ನಾರುಕೋಶಗಳಲ್ಲಿ. ಹೃದಯದ ಸ್ನಾಯು ನಾರುಗಟ್ಟುವಾಗಲೂ ಇದೇ ಮಿರ್-21 ಏರುತ್ತದೆ. ಅಂದರೆ ಇದು ಕರುಳಿನ ಕ್ಯಾನ್ಸರಿನ ಗುಟ್ಟನ್ನು ಬಿಚ್ಚಿಡುತ್ತಿದೆ ಎನ್ನುವುದಕ್ಕಿಂತ, ಎಲ್ಲೋ ಗಾಯ, ಕಲೆಗಟ್ಟುವಿಕೆ ನಡೆದಿದೆ ಎಂದು ಕೂಗುತ್ತಿದೆ ಎನ್ನುವುದು ಹೆಚ್ಚು ಸರಿ. ಆ ಕೂಗು ಸುಳ್ಳಲ್ಲ. ಅದನ್ನು ಕೇಳಿ ವೈದ್ಯರು ಏನು ಮಾಡಬೇಕೆಂದು ಮಾತ್ರ ಅದು ಹೇಳುವುದಿಲ್ಲ.

ಒಳ್ಳೆಯ ಮಾದರಿಯ ಪಾಡೇ ಹೀಗಾದರೆ ಉಳಿದವುಗಳ ಗತಿ ಊಹಿಸಬಹುದು. 2006ರಲ್ಲಿ ಶುರುವಾದ ಅಮೆರಿಕದ ಕ್ಯಾನ್ಸರ್ ಜೀನೋಮ್ ಅಟ್ಲಾಸ್ ಯೋಜನೆ 33 ಬಗೆಯ ಕ್ಯಾನ್ಸರ್‌ಗಳ, 11 ಸಾವಿರಕ್ಕೂ ಹೆಚ್ಚು ರೋಗಿಗಳ ಮಾಹಿತಿಯನ್ನು ಸಾರ್ವಜನಿಕವಾಗಿ ತೆರೆದಿಟ್ಟಿತು. ವಿಜ್ಞಾನಕ್ಕೆ ದೊಡ್ಡ ಉಪಕಾರ. ಅದರ ಬೆನ್ನಿಗೇ ಒಂದು ಗೃಹೋದ್ಯಮವೂ ಹುಟ್ಟಿಕೊಂಡಿತು. ಮಾಹಿತಿ ಇಳಿಸಿಕೊಳ್ಳುವುದು, ಆ ಕಾಲಕ್ಕೆ ಸುದ್ದಿಯಲ್ಲಿರುವ ಒಂದು ವಿಷಯ ಆರಿಸುವುದು, ಅದಕ್ಕೆ ಸಂಬಂಧಪಟ್ಟ ಆರ್‌ಎನ್‌ಎಗಳನ್ನು ಕಂಪ್ಯೂಟರಿನಲ್ಲಿ ಸೋಸಿ ಏಳೋ ಎಂಟೋ ಉಳಿಸಿಕೊಳ್ಳುವುದು, ರೋಗಿಗಳನ್ನು ಸರಿಯಾಗಿ ಅರ್ಧಕ್ಕೆ ಸೀಳಿ ಒಂದು ಕೆಂಪು ಗೆರೆ, ಒಂದು ನೀಲಿ ಗೆರೆ ಎಳೆಯುವುದು. ತಾಮ್ರದ ಹೆಚ್ಚಳದಿಂದ ಕೋಶ ಸಾಯುವ ಒಂದು ಬಗೆಯನ್ನು 2022ರ ಮಾರ್ಚಿನಲ್ಲಿ ಸೈನ್ಸ್ ಪತ್ರಿಕೆ ವರದಿ ಮಾಡಿತು. ಆ ವರ್ಷ ಮುಗಿಯುವುದರೊಳಗೆ ತಾಮ್ರಸಂಬಂಧಿ ಆರ್‌ಎನ್‌ಎಗಳಿಂದ ಯಕೃತ್ತಿನ, ಜಠರದ, ಕರುಳಿನ ಕ್ಯಾನ್ಸರ್‌ಗಳ ಭವಿಷ್ಯ ಹೇಳುವ ಪ್ರಬಂಧಗಳು ಸಾಲುಗಟ್ಟಿದವು. ಇಷ್ಟು ಬೇಗ ಹೇಗೆ ಎಂದು ಕೇಳುವವರಿಗೆ ಸರಳ ಗುಣಾಕಾರವೇ ಉತ್ತರ. 20 ಸಾವಿರ ಆರ್‌ಎನ್‌ಎಗಳನ್ನು ಒಂದೊಂದಾಗಿ ಪರೀಕ್ಷಿಸಿ, ನೂರಕ್ಕೆ ಐದರಷ್ಟು ಆಕಸ್ಮಿಕಕ್ಕೆ ಅವಕಾಶ ಬಿಟ್ಟರೆ, ಯಾವುದಕ್ಕೂ ಯಾವ ಸಂಬಂಧ ಇಲ್ಲದಿದ್ದರೂ ಸುಮ್ಮನೆ ಒಂದು ಸಾವಿರ ಆರ್‌ಎನ್‌ಎಗಳು ಪಾಸಾಗಿ ಬರುತ್ತವೆ. ಸಂಖ್ಯಾಶಾಸ್ತ್ರ ಬಲ್ಲವರು ಇದಕ್ಕೆ ಕಡಿವಾಣ ಹಾಕುತ್ತಾರೆ, ನಿಜ. ಆದರೆ ಕಡಿವಾಣ ಹಾಕಿದ ಮೇಲೂ ಉಳಿಯುವ ಇನ್ನೊಂದು ತೊಡಕಿದೆ, ಅದು ಹೆಚ್ಚು ಸ್ವಾರಸ್ಯಕರ.

ಬ್ರಸೆಲ್ಸ್‌ನ ಡೇವಿಡ್ ವೆನೆ ಮತ್ತು ಸಂಗಡಿಗರು 2011ರಲ್ಲಿ ಮಾಡಿದ ಕೀಟಲೆಯ ಪ್ರಯೋಗವೊಂದು ಅದನ್ನು ಬಯಲಿಗೆಳೆಯಿತು. ವಿಷಯ ಸ್ತನದ ಕ್ಯಾನ್ಸರ್, ಆದರೆ ಪಾಠ ಎಲ್ಲ ಅಂಗಗಳಿಗೂ ಸಲ್ಲುತ್ತದೆ. ಕ್ಯಾನ್ಸರಿಗೆ ಸಂಬಂಧವೇ ಇಲ್ಲದ ಮೂರು ಜೀನುಗುಚ್ಛಗಳನ್ನು ಅವರು ಆರಿಸಿಕೊಂಡರು: ಊಟವಾದ ಮೇಲೆ ನಗುವುದರಿಂದ ರಕ್ತದಲ್ಲಿ ಬದಲಾಗುವವು, ಚರ್ಮದ ನಾರುಕೋಶಗಳು ಮೈಯ ಯಾವ ಭಾಗದವು ಎಂದು ತೋರಿಸುವವು, ಇತರ ಇಲಿಗಳಿಂದ ಸೋಲುಂಡ ಇಲಿಯ ಮಿದುಳಿನಲ್ಲಿ ಏರಿಳಿಯುವವು. ಮೂರೂ ಗುಚ್ಛಗಳು ರೋಗಿಗಳ ಆಯಸ್ಸನ್ನು ಚೆನ್ನಾಗಿಯೇ ‘ಮುನ್ನುಡಿದವು’. ಆಮೇಲೆ, ಸ್ತನದ ಕ್ಯಾನ್ಸರಿನ ಸೂಚಕಗಳೆಂದು ಆಗಲೇ ಪ್ರಕಟವಾಗಿದ್ದ 47 ಗುಚ್ಛಗಳನ್ನು ಅಷ್ಟೇ ಗಾತ್ರದ, ಕಣ್ಣುಮುಚ್ಚಿ ಆರಿಸಿದ ಗುಚ್ಛಗಳೊಂದಿಗೆ ಪಂದ್ಯಕ್ಕೆ ನಿಲ್ಲಿಸಿದರು. 28 ಗುಚ್ಛಗಳು ಕಣ್ಣುಮುಚ್ಚಿದ ಆಯ್ಕೆಗಿಂತ ಗಮನಾರ್ಹವಾಗಿ ಮೇಲೆನ್ನಿಸಲಿಲ್ಲ. ಕಾರಣ ನಿಗೂಢವೇನಲ್ಲ. ಬೇಗ ಬೇಗ ವಿಭಜನೆಯಾಗುವ ಗಡ್ಡೆಯಲ್ಲಿ ಸಾವಿರಾರು ಜೀನುಗಳು ಒಟ್ಟಿಗೇ ಏರುತ್ತವೆ ಅಥವಾ ಇಳಿಯುತ್ತವೆ. ಯಾವ ಬುಟ್ಟಿಯಲ್ಲಿ ಕೈಹಾಕಿದರೂ ಆ ವೇಗದ ಒಂದು ತುಣುಕು ಸಿಕ್ಕೇ ಸಿಗುತ್ತದೆ. ವೇಗವಾಗಿ ಬೆಳೆಯುವ ಗಡ್ಡೆ ಕೆಟ್ಟದ್ದು ಎಂಬುದು ಸೂಕ್ಷ್ಮದರ್ಶಕ ಹಿಡಿದವರಿಗೆ ಎಂದಿನಿಂದಲೋ ಗೊತ್ತು. ಅದನ್ನೇ ದುಬಾರಿ ಯಂತ್ರದಲ್ಲಿ ಅಳೆದು ಹೊಸ ಹೆಸರಿಟ್ಟರೆ ಜ್ಞಾನ ಹೆಚ್ಚಿದಂತಾಗಲಿಲ್ಲ. ಇದಕ್ಕೂ ಮೊದಲು, 2005ರಲ್ಲಿ, ಫ್ರಾನ್ಸಿನ ಸಂಖ್ಯಾಶಾಸ್ತ್ರಜ್ಞರು ಹೆಸರುವಾಸಿಯಾಗಿದ್ದ ಏಳು ಅಧ್ಯಯನಗಳ ಮಾಹಿತಿಯನ್ನು ಮತ್ತೆ ಮತ್ತೆ ಕಲೆಸಿ ಪರೀಕ್ಷಿಸಿದಾಗ ಐದು ಅಧ್ಯಯನಗಳು ಆಕಸ್ಮಿಕಕ್ಕಿಂತ ಮೇಲೇರಲಿಲ್ಲ.

ಜೀರ್ಣಾಂಗಗಳಲ್ಲಿ ಈ ತೊಡಕಿಗೆ ಮತ್ತೊಂದು ಸೇರಿಕೊಳ್ಳುತ್ತದೆ, ನನ್ನ ಮಟ್ಟಿಗೆ ಅದೇ ದೊಡ್ಡದು. ಗಡ್ಡೆ ಎಂದು ನಾವು ಕೊಯ್ದು ತೆಗೆಯುವುದರಲ್ಲಿ ಕ್ಯಾನ್ಸರ್ ಕೋಶಗಳ ಜೊತೆಗೆ ಸ್ನಾಯು, ನಾರು, ರಕ್ತನಾಳ, ರೋಗನಿರೋಧಕ ಕೋಶ ಎಲ್ಲವೂ ಬೆರೆತಿರುತ್ತವೆ. ಎಲ್ಲವನ್ನೂ ಅರೆದು ಆರ್‌ಎನ್‌ಎ ತೆಗೆದರೆ ಯಾವುದು ಯಾರದೆಂದು ಗೊತ್ತಾಗುವುದಿಲ್ಲ. ಮಿರ್-143 ಮತ್ತು ಮಿರ್-145 ಎಂಬ ಎರಡು ಮೈಕ್ರೋ ಆರ್‌ಎನ್‌ಎಗಳ ಕಥೆ ನೋಡಿ. ಆರೋಗ್ಯವಂತ ಕರುಳಿಗಿಂತ ಕರುಳಿನ ಗಡ್ಡೆಯಲ್ಲಿ ಇವು ಕಡಿಮೆ. ಆದ್ದರಿಂದ ಇವು ಕ್ಯಾನ್ಸರನ್ನು ತಡೆಯುವ ಕಾವಲುಗಾರರು, ಗಡ್ಡೆ ಇವನ್ನು ಅಡಗಿಸಿದೆ ಎಂದು ವರ್ಷಗಟ್ಟಲೆ ಬರೆಯಲಾಯಿತು. 2014ರಲ್ಲಿ ಸೆಲ್ ಪತ್ರಿಕೆಯ ಪ್ರಬಂಧವೊಂದು ಇಲಿಗಳಲ್ಲಿ ಪರಿಶೀಲಿಸಿ ಹೇಳಿತು: ಇವು ಕರುಳಿನ ಒಳಪದರದ ಕೋಶಗಳಲ್ಲಿ ಕೆಲಸ ಮಾಡುವುದೇ ಇಲ್ಲ, ಇವುಗಳ ನೆಲೆ ಪಕ್ಕದ ಸ್ನಾಯು ಮತ್ತು ನಾರುಕೋಶಗಳು. ಗಡ್ಡೆಯ ತುಂಡಿನಲ್ಲಿ ಸ್ನಾಯು ಕಡಿಮೆ, ಹಾಗಾಗಿ ಇವೂ ಕಡಿಮೆ. ಕಲ್ಲು ಬೆರೆತ ಸೇರಿನಲ್ಲಿ ಅಕ್ಕಿ ಕಡಿಮೆ ಬಂದರೆ ಗದ್ದೆಯಲ್ಲಿ ಭತ್ತದ ಇಳುವರಿ ಕುಸಿದಿದೆ ಎಂದು ಯಾರೂ ಹೇಳುವುದಿಲ್ಲ. ಇಲ್ಲಿ ಹೇಳಿದ್ದು ಹೆಚ್ಚುಕಡಿಮೆ ಅದನ್ನೇ. 2015ರಲ್ಲಿ ಇಟಲಿ ಮತ್ತು ಸ್ಪೇನಿನ ಎರಡು ತಂಡಗಳು ಕರುಳಿನ ಕ್ಯಾನ್ಸರಿನ ಅತಿ ಕೆಟ್ಟ ಬಗೆಯನ್ನು ಗುರುತಿಸುತ್ತಿದ್ದ ಜೀನುಗಳನ್ನೂ ಇದೇ ತಕ್ಕಡಿಗೆ ಹಾಕಿದವು. ರೋಗಿಯ ಗಡ್ಡೆಯನ್ನು ಇಲಿಯಲ್ಲಿ ಬೆಳೆಸಿದರೆ ಕ್ಯಾನ್ಸರ್ ಕೋಶ ಮನುಷ್ಯನದೇ ಉಳಿಯುತ್ತದೆ, ಸುತ್ತಲಿನ ನಾರು ಇಲಿಯದಾಗುತ್ತದೆ. ಆಗ ನೋಡಿದರೆ ಆ ಕೆಟ್ಟ ಜೀನುಗಳ ಸದ್ದು ಬರುತ್ತಿದ್ದದ್ದು ಇಲಿಯ ನಾರಿನಿಂದ.

ಇದರಿಂದ ಆರ್‌ಎನ್‌ಎ ಸುಳ್ಳು ಹೇಳುತ್ತದೆ ಎಂದು ತೀರ್ಮಾನಿಸಬಾರದು. ಕೆಲವೊಮ್ಮೆ ಅದು ನಾವು ಕೇಳದ ಪ್ರಶ್ನೆಗೆ ಸರಿಯಾದ ಉತ್ತರ ಕೊಡುತ್ತದೆ. ಯಕೃತ್ತಿನ ಕ್ಯಾನ್ಸರಿನ ಬಗ್ಗೆ ಯುಜಿನ್ ಹೊಶಿದಾ ಮತ್ತು ಜೊತೆಗಾರರು 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಗಡ್ಡೆಯ ಆರ್‌ಎನ್‌ಎಗೂ ಆಯಸ್ಸಿಗೂ ಸಂಬಂಧ ಸಿಗಲಿಲ್ಲ. ಗಡ್ಡೆಯ ಪಕ್ಕದಲ್ಲಿದ್ದ, ಕ್ಯಾನ್ಸರ್ ಇಲ್ಲದ ಯಕೃತ್ತಿನ ಭಾಗದಲ್ಲಿ 186 ಜೀನುಗಳ ಗುಚ್ಛವೊಂದು ಸ್ಪಷ್ಟವಾಗಿ ಸಂಬಂಧ ತೋರಿಸಿತು. ಇದಕ್ಕೆ ಅರ್ಥವಿದೆ: ಹೆಪಟೈಟಿಸ್‌ನಿಂದಲೋ ಕುಡಿತದಿಂದಲೋ ಹಾಳಾದ ಯಕೃತ್ತು ಒಂದು ಗಡ್ಡೆ ತೆಗೆದ ಮೇಲೆ ಇನ್ನೊಂದನ್ನು ಹುಟ್ಟಿಸುತ್ತದೆ, ರೋಗಿಯನ್ನು ಕೊಲ್ಲುವುದು ಹಲವು ಸಲ ಆ ಹಾಳುನೆಲವೇ. ಇದಕ್ಕೆ ವಿರುದ್ಧವಾದ ಉದಾಹರಣೆ ಮೇದೋಜ್ಜೀರಕದ್ದು. ಅಟ್ಲಾಸಿನಲ್ಲಿ ಈ ಗ್ರಂಥಿಯ ಸುಮಾರು 180 ಮಾದರಿಗಳಿವೆ. ಅಟ್ಲಾಸ್ ತಂಡ 2017ರಲ್ಲಿ ತನ್ನದೇ ಪ್ರಬಂಧಕ್ಕೆ ಬಳಸಿದ್ದು 150. ಬಿಟ್ಟವುಗಳಲ್ಲಿ ನರ-ಹಾರ್ಮೋನ್ ಬಗೆಯ ಗಡ್ಡೆಗಳಂಥ ಬೇರೆ ಜಾತಿಯವೂ ಇದ್ದವು. ಅವು ನಿಧಾನಿಗಳು, ಅವುಳ್ಳವರು ಬಹುಕಾಲ ಬದುಕುತ್ತಾರೆ. ಈ ಸಂಗತಿ ಗಮನಿಸದೆ ಇಡೀ ಕಡತ ಇಳಿಸಿಕೊಂಡವರಿಗೆ, ನರಕೋಶಗಳಿಗೆ ಸಂಬಂಧಿಸಿದ ಯಾವ ಆರ್‌ಎನ್‌ಎ ಆದರೂ ‘ಆಯುಷ್ಯ ಹೆಚ್ಚಿಸುವ’ ಸೂಚಕವಾಗಿ ಕಾಣುತ್ತದೆ. ಪಟ್ಟಿಯಲ್ಲಿ ತಪ್ಪಿ ಸೇರಿದ ಕೆಲವೇ ಮಂದಿ ಒಂದು ಆವಿಷ್ಕಾರವನ್ನು ಹೆರಬಲ್ಲರು.

ರಕ್ತದಲ್ಲೇ ಅಳೆದರೆ ಈ ಗೋಜಲು ತಪ್ಪುತ್ತದೆಯಲ್ಲ ಎಂದು ಅನ್ನಿಸಬಹುದು. 2008ರಲ್ಲಿ ರಕ್ತದ್ರವದಲ್ಲಿ ಮೈಕ್ರೋ ಆರ್‌ಎನ್‌ಎಗಳು ಕೆಡದೆ ತೇಲುತ್ತಿರುತ್ತವೆ ಎಂದು ಗೊತ್ತಾದಾಗ ಉತ್ಸಾಹ ಉಕ್ಕಿದ್ದು ಸಹಜ. ನಾಲ್ಕು ವರ್ಷಗಳ ನಂತರ ಆಗ ವರದಿಯಾಗಿದ್ದ 79 ರಕ್ತಸೂಚಕಗಳನ್ನು ಸಿಯಾಟಲ್‌ನ ತಂಡವೊಂದು ಪರಿಶೀಲಿಸಿತು. 46 ಸೂಚಕಗಳು ರಕ್ತಕಣಗಳಲ್ಲೇ ಯಥೇಚ್ಛವಾಗಿದ್ದವು. ಕೆಂಪು ಕಣದಲ್ಲಿ ಮಿರ್-451, ಮಿರ್-16 ತುಂಬಿರುತ್ತವೆ. ಸೂಜಿ ಸಣ್ಣದಾದರೆ, ಟ್ಯೂಬನ್ನು ಜೋರಾಗಿ ಅಲ್ಲಾಡಿಸಿದರೆ, ಲ್ಯಾಬಿಗೆ ತಲುಪುವುದು ತಡವಾದರೆ ಕಣಗಳು ಒಡೆದು ಅವು ದ್ರವಕ್ಕೆ ಸೇರುತ್ತವೆ. ರೋಗಿಯ ರಕ್ತ ವಾರ್ಡಿನಿಂದ ಸುತ್ತಿಬಳಸಿ ಬರುತ್ತದೆ, ಆರೋಗ್ಯವಂತ ಸ್ವಯಂಸೇವಕನ ರಕ್ತ ಲ್ಯಾಬಿನ ಪಕ್ಕದ ಕುರ್ಚಿಯಿಂದಲೇ ಬರುತ್ತದೆ ಎಂದುಕೊಳ್ಳಿ: ಅಳತೆಯಲ್ಲಿ ಕಾಣುವ ವ್ಯತ್ಯಾಸ ಕ್ಯಾನ್ಸರಿನದೋ, ದಾರಿ ಸವೆಸಿದ್ದರದೋ? ತಮಾಷೆಯೆಂದರೆ ಮಿರ್-16ನ್ನೇ ಸ್ಥಿರ ಅಳತೆಗಲ್ಲೆಂದು ನೆಟ್ಟು ಉಳಿದವುಗಳನ್ನು ಅದಕ್ಕೆ ಹೋಲಿಸಿದ ಅಧ್ಯಯನಗಳೂ ಕಡಿಮೆಯಿಲ್ಲ.

ಇಷ್ಟೆಲ್ಲ ತೊಡಕುಗಳನ್ನು ತಕ್ಕಮಟ್ಟಿಗೆ ದಾಟಿಬಂದ ಪರೀಕ್ಷೆಯೂ ಇದೆ. ಅಮೆರಿಕದಲ್ಲಿ ರೂಪುಗೊಂಡ ಆಂಕೋಟೈಪ್ ಕರುಳಿನ ಪರೀಕ್ಷೆ ಗಡ್ಡೆಯ 12 ಜೀನುಗಳ ಆರ್‌ಎನ್‌ಎ ಅಳೆಯುತ್ತದೆ. ಏಳು ಕ್ಯಾನ್ಸರಿಗೆ ಸಂಬಂಧಿಸಿದವು, ಐದು ತೂಕ ಸರಿದೂಗಿಸಲು. ಸೂತ್ರವನ್ನು ಮೊದಲೇ ಗಟ್ಟಿಮಾಡಿಕೊಂಡು, ಆಮೇಲೆ ಅದನ್ನು ಕ್ವೇಸರ್ ಪ್ರಯೋಗದ 1,436 ರೋಗಿಗಳ ಮೇಣದ ಬ್ಲಾಕ್‌ಗಳ ಮೇಲೆ ಪ್ರಯೋಗಿಸಿದರು. 2011ರ ಫಲಿತಾಂಶ: ಕಡಿಮೆ ಅಪಾಯದ ಗುಂಪಿನಲ್ಲಿ ಮೂರು ವರ್ಷದೊಳಗೆ ರೋಗ ಮರುಕಳಿಸಿದ್ದು ನೂರಕ್ಕೆ 12 ಮಂದಿಗೆ, ಮಧ್ಯಮದವರಲ್ಲಿ 18, ಹೆಚ್ಚು ಅಪಾಯದವರಲ್ಲಿ 22. ಸೂಚಕ ನಿಜವಾಗಿಯೂ ಭವಿಷ್ಯ ಹೇಳಿತು. ಆದರೆ ಹೆಚ್ಚು ಅಪಾಯದ ಗುಂಪಿನಲ್ಲೂ 78 ಮಂದಿಗೆ ಮೂರು ವರ್ಷ ಏನೂ ಆಗಲಿಲ್ಲ. ಅದಕ್ಕಿಂತ ಮುಖ್ಯವಾಗಿ, ಯಾರಿಗೆ ಕೀಮೋ ಹೆಚ್ಚು ಫಲ ಕೊಡುತ್ತದೆ ಎಂಬುದನ್ನು ಈ ಅಂಕಿ ಹೇಳಲಿಲ್ಲ; ಮೂರೂ ಗುಂಪುಗಳಲ್ಲಿ ಕೀಮೋದ ಫಲದ ಪ್ರಮಾಣ ಒಂದೇ ತೆರನಾಗಿತ್ತು. ಪಕ್ಕದಲ್ಲೇ ಇನ್ನೊಂದನ್ನು ಇಟ್ಟು ನೋಡಿ. ಆಸ್ಟ್ರೇಲಿಯಾದ ಡೈನಮಿಕ್ ಪ್ರಯೋಗ, 2022. ಇದು ಆರ್‌ಎನ್‌ಎಯದಲ್ಲ, ಆಪರೇಷನ್ ಆದ ನಾಲ್ಕು ಮತ್ತು ಏಳು ವಾರಗಳಿಗೆ ರಕ್ತದಲ್ಲಿ ಗಡ್ಡೆಯ ಡಿಎನ್‌ಎ ಚೂರು ಉಳಿದಿದೆಯೇ ಎಂದು ನೋಡುವಂಥದ್ದು. ಎರಡನೆಯ ಹಂತದ 455 ರೋಗಿಗಳನ್ನು ಚೀಟಿ ಎತ್ತಿ ಗುಂಪು ಮಾಡಿ, ಒಂದು ಗುಂಪಿನಲ್ಲಿ ಈ ಪರೀಕ್ಷೆ ಹೇಳಿದಂತೆ ಕೀಮೋ ಕೊಟ್ಟರು, ಇನ್ನೊಂದರಲ್ಲಿ ವಾಡಿಕೆಯಂತೆ. ಪರೀಕ್ಷೆಯ ಗುಂಪಿನಲ್ಲಿ ಕೀಮೋ ಪಡೆದವರು ನೂರಕ್ಕೆ 15, ವಾಡಿಕೆಯ ಗುಂಪಿನಲ್ಲಿ 28. ಎರಡು ವರ್ಷ ರೋಗ ಮರುಕಳಿಸದೆ ಇದ್ದವರು ಕ್ರಮವಾಗಿ 93.5 ಮತ್ತು 92.4. ಹೆಚ್ಚುಕಡಿಮೆ ಅರ್ಧದಷ್ಟು ಕೀಮೋ ಉಳಿಯಿತು, ಯಾರಿಗೂ ನಷ್ಟವಾಗಲಿಲ್ಲ. ಪ್ರಯೋಗದ ಪ್ರಶ್ನೆಯೇ ಬೇರೆಯಾಗಿತ್ತು: ಪರೀಕ್ಷೆ ಸರಿಯಾಗಿ ಊಹಿಸಿತೇ ಎಂದು ಕೇಳಲಿಲ್ಲ, ಪರೀಕ್ಷೆಯನ್ನು ನಂಬಿ ನಡೆದವರ ಪಾಡು ಏನಾಯಿತು ಎಂದು ಕೇಳಿದರು. ಜೀರ್ಣಾಂಗಗಳ ಆರ್‌ಎನ್‌ಎ ಸೂಚಕಗಳಲ್ಲಿ ಈ ಪ್ರಶ್ನೆಗೆ ಮೈಯೊಡ್ಡಿದವು ವಿರಳ.

ಇಲ್ಲೊಂದು ಆಕ್ಷೇಪ ಏಳುತ್ತದೆ, ಅದನ್ನು ಹಗುರವಾಗಿ ತಳ್ಳಿಹಾಕಲಾಗದು. ಚಿಕಿತ್ಸೆ ಬದಲಾಗದಿದ್ದರೇನು, ಎಷ್ಟು ದಿನವಿದೆ ಎಂದು ತಿಳಿಯುವ ಹಕ್ಕು ರೋಗಿಗಿಲ್ಲವೇ? ಮಗಳ ಮದುವೆ, ಜಮೀನಿನ ಕಾಗದಪತ್ರ, ತೀರಿಸಬೇಕಾದ ಸಾಲ, ಇವೆಲ್ಲಕ್ಕೂ ಒಂದು ಅಂದಾಜು ಬೇಡವೇ? ಬೇಕು. ಆದರೆ ಆರ್‌ಎನ್‌ಎ ಗುಚ್ಛ ಆ ಅಂದಾಜನ್ನು ಕೊಡುವುದಿಲ್ಲ. ಇಬ್ಬರು ರೋಗಿಗಳನ್ನು ಎದುರಿಗಿಟ್ಟು ಯಾರು ಮೊದಲು ಎಂದು ಕೇಳಿದರೆ, ನಾಣ್ಯ ಚಿಮ್ಮಿದವನು ನೂರಕ್ಕೆ ಐವತ್ತು ಸಲ ಸರಿಯಾಗಿ ಹೇಳುತ್ತಾನೆ. ಇಂಥ ಅನೇಕ ಗುಚ್ಛಗಳು ಹೊಸ ರೋಗಿಗಳ ಮೇಲೆ ಅರವತ್ತರಿಂದ ಎಪ್ಪತ್ತು ಸಲ ಸರಿಯಾಗುವಷ್ಟರಲ್ಲೇ ನಿಲ್ಲುತ್ತವೆ. ನೂರಾರು ಜನರ ಗುಂಪುಗಳ ನಡುವೆ ಇದು ಚೆಂದದ ಎರಡು ಗೆರೆಗಳನ್ನು ಎಳೆಯುತ್ತದೆ, ಒಬ್ಬನೇ ಒಬ್ಬ ಮನುಷ್ಯನ ಎದುರಿಗೆ ತೊದಲುತ್ತದೆ. ಮುಂದುವರಿದ ಮೇದೋಜ್ಜೀರಕದ ಕ್ಯಾನ್ಸರಿನಲ್ಲಿ ದಿನಗಳ ಅಂದಾಜು ಮಾಡಲು ರೋಗದ ಹಂತ, ತೂಕ ಇಳಿದ ಪರಿ, ಹಾಸಿಗೆ ಬಿಟ್ಟು ಎಷ್ಟು ಹೊತ್ತು ಓಡಾಡುತ್ತಾರೆ ಎಂಬುದು ಸಾಕಷ್ಟು ಹೇಳುತ್ತವೆ, ಪುಕ್ಕಟೆಯಾಗಿ. ನೋವು ಶಮನದ ಆರೈಕೆ ಬೇಗ ಶುರುಮಾಡಲು ಯಾರ ಆರ್‌ಎನ್‌ಎಯ ಅಪ್ಪಣೆಯೂ ಬೇಕಿಲ್ಲ. ಇನ್ನು ‘ಹೆಚ್ಚು ಅಪಾಯ’ ಎಂಬ ಮುದ್ರೆ ಬಿದ್ದ ಎರಡನೆಯ ಹಂತದ ರೋಗಿಯ ಸ್ಥಿತಿ ನೋಡಿ: ಮಾಡಲು ಬೇರೇನೂ ಇಲ್ಲದಿದ್ದರೂ ರಾತ್ರಿ ನಿದ್ದೆಯಂತೂ ಹೋಗುತ್ತದೆ.

ಎರಡನೆಯ ಆಕ್ಷೇಪ ಕಂಪ್ಯೂಟರ್ ಕಡೆಯಿಂದ. ಹಳೆಯ ಗುಚ್ಛಗಳು ಸೋತದ್ದು ಸಣ್ಣ ಮಾಹಿತಿ, ಮೊಂಡು ಉಪಕರಣಗಳಿಂದ. ಕೃತಕ ಬುದ್ಧಿಮತ್ತೆ ಬಂದ ಮೇಲೆ ಎಲ್ಲ ಸರಿಹೋಗುತ್ತದೆ ಎಂಬ ಮಾತು. ಇದರಲ್ಲಿ ಅರ್ಧ ನಿಜ. ಕರುಳಿನ ಕ್ಯಾನ್ಸರಿಗೆ ಆರು ತಂಡಗಳು ಆರು ಬಗೆಯಾಗಿ ಮಾಡಿದ್ದ ವರ್ಗೀಕರಣಗಳನ್ನು, 18 ಮೂಲಗಳ 4,151 ರೋಗಿಗಳ ಮಾಹಿತಿ ಒಟ್ಟುಗೂಡಿಸಿ, 2015ರಲ್ಲಿ ನಾಲ್ಕು ಬಗೆಗಳಿಗೆ ಇಳಿಸಿದ್ದು ದೊಡ್ಡ ಮಾಹಿತಿಯ ನಿಜವಾದ ಗೆಲುವು. ಜಗಳವಾಡುತ್ತಿದ್ದವರು ಮೊದಲ ಬಾರಿಗೆ ಒಂದೇ ಹೆಸರಿನಿಂದ ಕರೆಯತೊಡಗಿದರು. ಆದರೂ ಆ ನಾಲ್ಕು ಬಗೆಗಳನ್ನು ನೋಡಿ ಔಷಧಿ ಬರೆಯುವ ಪದ್ಧತಿ ಇಂದಿಗೂ ಬಂದಿಲ್ಲ. ಚುರುಕಾದ ಗಣಿತ ಮಾದರಿಯಲ್ಲಿರುವುದನ್ನು ಚೆನ್ನಾಗಿ ಹಿಂಡುತ್ತದೆ. ತುಂಡಿನಲ್ಲಿ ನಾರು ಎಷ್ಟಿತ್ತು, ರಕ್ತನಾಳ ಕಟ್ಟಿದ ಮೇಲೆ ಗಡ್ಡೆ ಎಷ್ಟು ಹೊತ್ತು ಟ್ರೇಯಲ್ಲಿ ಕಾದಿತ್ತು, ರೋಗಿ ಸತ್ತದ್ದು ಕ್ಯಾನ್ಸರಿನಿಂದಲೋ ಹೃದಯಾಘಾತದಿಂದಲೋ ಎಂಬುದು ದಾಖಲಾಗಿಲ್ಲದಿದ್ದರೆ ಯಾವ ಗಣಿತವೂ ಅದನ್ನು ಗಾಳಿಯಿಂದ ತರಲಾರದು. ತಂದರೆ ಇನ್ನೂ ಅಪಾಯ: ಯಾವ ಆಸ್ಪತ್ರೆಯ ಮಾದರಿ ಯಾವ ಯಂತ್ರದಲ್ಲಿ ಓಡಿತು ಎಂಬುದನ್ನೇ ಕಲಿತು, ಅದನ್ನು ಜೀವಶಾಸ್ತ್ರವೆಂದು ಒಪ್ಪಿಸುತ್ತದೆ.

ಹಾಗಾದರೆ ಆರ್‌ಎನ್‌ಎಯನ್ನು ಬಿಟ್ಟು ಡಿಎನ್‌ಎಯ ಹಿಂದೆ ಹೋಗೋಣವೇ ಎಂದು ಕೇಳಿದರೆ ನಾನು ಬೇಡವೆನ್ನುತ್ತೇನೆ, ಅದಕ್ಕೆ ಮತ್ತೆ ಮೇದೋಜ್ಜೀರಕವೇ ಆಧಾರ. ಈ ಗ್ರಂಥಿಯ ಸಾಮಾನ್ಯ ಕ್ಯಾನ್ಸರಿನಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಗಡ್ಡೆಗಳಲ್ಲಿ ಕೆ-ರಾಸ್ ಜೀನು ಕೆಟ್ಟಿರುತ್ತದೆ. ಎಲ್ಲರಲ್ಲೂ ಒಂದೇ ಆಗಿರುವುದು ಯಾರನ್ನೂ ಬೇರ್ಪಡಿಸಲಾರದು. ಆರ್‌ಎನ್‌ಎ ನೋಡಿದರೆ ಮಾತ್ರ ಎರಡು ಬಗೆ ಕಾಣುತ್ತವೆ: ಗ್ರಂಥಿಯ ಸ್ವಭಾವ ಇನ್ನೂ ಉಳಿಸಿಕೊಂಡದ್ದು ಒಂದು, ಅದನ್ನು ಕಳೆದುಕೊಂಡು ಒರಟಾದದ್ದು ಇನ್ನೊಂದು. ಅಮೆರಿಕದ ಮಾಫಿಟ್ ತಂಡ 2015ರಲ್ಲಿ ಇವನ್ನು ಗುರುತಿಸುವಾಗ ಮಾಡಿದ ಜಾಣತನವೆಂದರೆ, ಗಡ್ಡೆಯ ಸದ್ದನ್ನೂ ಸುತ್ತಲಿನ ನಾರಿನ ಸದ್ದನ್ನೂ ಗಣಿತದಿಂದ ಮೊದಲೇ ಬಿಡಿಸಿಟ್ಟುಕೊಂಡದ್ದು. ಕೆನಡಾದ ಕಂಪಾಸ್ ಅಧ್ಯಯನದಲ್ಲಿ, ಒರಟು ಬಗೆಯ ಗಡ್ಡೆಗಳು ಫಾಲ್ಫಿರಿನಾಕ್ಸ್ ಎಂಬ ಬಲವಾದ ಕೀಮೋಗೆ ಸರಿಯಾಗಿ ಮಣಿಯಲಿಲ್ಲ. ಸಂಖ್ಯೆ ಸಣ್ಣದು, ಮಾತು ಮುಗಿದಿಲ್ಲ. ಆದರೆ ಇದು ಆಯಸ್ಸಿನ ಮಾತಲ್ಲ, ಯಾರಿಗೆ ಯಾವ ಔಷಧಿ ಎಂಬ ಮಾತು. ಹೆಚ್ಚು ದಿನ ಕಾಯಲಾಗದ ರೋಗದಲ್ಲಿ ಮೊದಲ ಔಷಧಿ ತಪ್ಪದಂತೆ ನೋಡಿಕೊಳ್ಳಬಲ್ಲ ಸೂಚಕವಿದ್ದರೆ ಅದಕ್ಕೆ ಎಷ್ಟು ಹಣ, ಎಷ್ಟು ಶ್ರಮ ಸುರಿದರೂ ಸಾರ್ಥಕ.

ನಮ್ಮ ನಾಡಿಗೆ ಇದರಲ್ಲಿ ಏನು ಪಾಲು? ಅಟ್ಲಾಸಿನ 33 ಬಗೆಗಳಲ್ಲಿ ಪಿತ್ತಕೋಶದ ಕ್ಯಾನ್ಸರಿಗೆ ತನ್ನದೇ ಸ್ಥಾನವಿಲ್ಲ. ಉತ್ತರ ಭಾರತದ ಗಂಗಾ ಬಯಲಿನ ಹೆಂಗಸರಲ್ಲಿ ಅದು ಜಗತ್ತಿನಲ್ಲೇ ಅತಿ ಹೆಚ್ಚು ಕಾಣುವ ಕಡೆಗಳಲ್ಲೊಂದು. ನಮ್ಮಲ್ಲಿ ಕರುಳಿನ ಕ್ಯಾನ್ಸರ್ ಪಶ್ಚಿಮದವರಿಗಿಂತ ಕಿರಿಯ ವಯಸ್ಸಿನವರಿಗೂ ಬರುವುದು ಹೆಚ್ಚು, ಉಂಗುರದ ಹರಳಿನಂತೆ ಕಾಣುವ ಕೋಶಗಳ ಕೆಟ್ಟ ಬಗೆಯೂ ಹೆಚ್ಚು. ಬೇರೆ ಜನರ ಗಡ್ಡೆಗಳಲ್ಲಿ ಹೊಂದಿಸಿದ ಸೂತ್ರ ಇವರಿಗೆ ಹೊಂದುತ್ತದೆಯೇ ಎಂಬುದನ್ನು ಇಲ್ಲಿಯೇ ಪರೀಕ್ಷಿಸಬೇಕು, ಅದಕ್ಕೆ ಬೇಕಾದ ಸಾಮಗ್ರಿ ನಮ್ಮಲ್ಲಿ ಇಲ್ಲದಿಲ್ಲ. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಲ್ಲಿರುವ ಜನಸಂಖ್ಯಾಧಾರಿತ ಕ್ಯಾನ್ಸರ್ ನೋಂದಣಿ 1982ರಿಂದ ನಡೆದುಬಂದಿದೆ. ಮುಂಬೈ, ಚೆನ್ನೈಗಳೊಂದಿಗೆ ದೇಶದ ರಾಷ್ಟ್ರೀಯ ನೋಂದಣಿ ಜಾಲ ಶುರುವಾದದ್ದೇ ಇದರಿಂದ. ಹೊಶಿದಾ ತಂಡ 24 ವರ್ಷಕ್ಕೂ ಹಳೆಯ ಮೇಣದ ಬ್ಲಾಕ್‌ಗಳಿಂದಲೂ ಉಪಯುಕ್ತ ಆರ್‌ಎನ್‌ಎ ತೆಗೆದಿತ್ತು ಎಂಬುದನ್ನು ನೆನೆದರೆ, ನಮ್ಮ ಪೆಥಾಲಜಿ ವಿಭಾಗಗಳ ಬೀರುಗಳಲ್ಲಿ ಧೂಳು ತಿನ್ನುತ್ತಿರುವ ಬ್ಲಾಕ್‌ಗಳ ಬೆಲೆ ಗೊತ್ತಾಗುತ್ತದೆ. ಕೊರತೆ ಇರುವುದು ಆ ಬ್ಲಾಕನ್ನೂ ಆ ರೋಗಿಯ ಮುಂದಿನ ಬದುಕನ್ನೂ ಜೋಡಿಸುವ ಕೊಂಡಿಯಲ್ಲಿ. 2020ರಲ್ಲಿ ದೇಶದಲ್ಲಿ ನೋಂದಣಿಯಾದ ಸಾವುಗಳಲ್ಲಿ ಕಾರಣವನ್ನು ವೈದ್ಯರು ದೃಢೀಕರಿಸಿದ್ದು ನೂರಕ್ಕೆ 22.5 ಮಾತ್ರ. ರೋಗಿ ಬದುಕಿದ್ದಾನೋ ಇಲ್ಲವೋ, ಹೋದದ್ದು ಯಾವುದರಿಂದ ಎಂಬುದೇ ಗೊತ್ತಿಲ್ಲದ ಕಡೆ ಬದುಕನ್ನು ಮುನ್ನುಡಿಯುವ ಸೂಚಕವನ್ನು ಯಾವುದಕ್ಕೆ ತಾಳೆ ನೋಡುವುದು? ಆರ್‌ಎನ್‌ಎ ಓದುವ ಯಂತ್ರ ಕೊಳ್ಳಲು ಅನುದಾನ ಸಿಗುತ್ತದೆ, ರೋಗಿಯ ಮನೆಗೆ ಫೋನ್ ಮಾಡಿ ವಿಚಾರಿಸುವ ಸಿಬ್ಬಂದಿಗೆ ಸಂಬಳ ಸಿಗುವುದಿಲ್ಲ. ಸಂಶೋಧನೆಯ ಮಟ್ಟಿಗೆ ಎರಡನೆಯವರೇ ಹೆಚ್ಚು ದುರ್ಲಭ ಉಪಕರಣ ಎಂಬುದು ನನ್ನ ಅಭಿಪ್ರಾಯ.

ಕೊನೆಯದಾಗಿ, ಬಡರೋಗಿಗೆ ಇದೆಲ್ಲ ಯಾಕೆ ಎನ್ನುವವರ ಮಾತಿಗೆ. ಅವರ ಸಿಟ್ಟಿನಲ್ಲಿ ಹುರುಳಿದೆ, ಆದರೆ ಅದು ಹೊರಳಬೇಕಾದ ದಿಕ್ಕು ಬೇರೆ. ಚಿಕಿತ್ಸೆಯನ್ನು ನಿಜವಾಗಿ ಬದಲಿಸುವ, ಆರ್‌ಎನ್‌ಎಗಿಂತ ಎಷ್ಟೋ ಅಗ್ಗದ ಪರೀಕ್ಷೆಗಳು ಇವೆ, ಅವೇ ಎಲ್ಲರಿಗೂ ತಲುಪಿಲ್ಲ. ಕರುಳಿನ ಗಡ್ಡೆಯಲ್ಲಿ ಡಿಎನ್‌ಎ ತಿದ್ದುವ ನಾಲ್ಕು ಪ್ರೋಟೀನುಗಳು ಇವೆಯೇ ಎಂದು ಬಣ್ಣ ಹಚ್ಚಿ ನೋಡುವ ಪರೀಕ್ಷೆ ಅಂಥದ್ದು. ಅವುಗಳಲ್ಲಿ ಒಂದು ಇಲ್ಲದಿದ್ದರೂ ಎರಡನೆಯ ಹಂತದಲ್ಲಿ ಫ್ಲೋರೊಯುರಾಸಿಲ್ ಒಂದರಿಂದಲೇ ಲಾಭವಿಲ್ಲ, ಆ ರೋಗಿಯನ್ನು ಕೀಮೋದಿಂದ ಉಳಿಸಬಹುದು. ರೋಗ ಹರಡಿದ ಮೇಲಾದರೆ ಅಂಥವರಿಗೆ ರೋಗನಿರೋಧಕ ಶಕ್ತಿಯನ್ನು ಎಬ್ಬಿಸುವ ಪೆಂಬ್ರೊಲಿಜುಮಾಬ್ ಕೀಮೋಗಿಂತ ಎರಡರಷ್ಟು ಕಾಲ ರೋಗವನ್ನು ಹಿಡಿದಿಟ್ಟಿತು, 16.5 ತಿಂಗಳು ಮತ್ತು 8.2 ತಿಂಗಳು, ಎಂದು 2020ರ ಪ್ರಯೋಗ ತೋರಿಸಿದೆ. ಇನ್ನೂ ಅಗ್ಗದ್ದು ಬೇಕೆಂದರೆ ಆಪರೇಷನ್ನಿನ ತುಂಡಿನಲ್ಲಿ ಕನಿಷ್ಠ 12 ದುಗ್ಧಗ್ರಂಥಿಗಳನ್ನು ಹುಡುಕಿ ಪರೀಕ್ಷಿಸುವುದು. ಆರೇಳು ಗ್ರಂಥಿ ನೋಡಿ ‘ಎಲ್ಲೂ ಹರಡಿಲ್ಲ’ ಎಂದು ಬರೆದ ವರದಿಯ ರೋಗಿ ನಿಜಕ್ಕೂ ಮೂರನೆಯ ಹಂತದವನಾಗಿರಬಹುದು, ಕೀಮೋ ಅವನಿಗೆ ಬೇಕೇ ಬೇಕಾಗಿರಬಹುದು. ಅಂಥ ಬ್ಲಾಕನ್ನು ಎರಡನೆಯ ಹಂತದ್ದೆಂದು ಹಣೆಪಟ್ಟಿ ಹಚ್ಚಿ ಆರ್‌ಎನ್‌ಎ ಅಧ್ಯಯನಕ್ಕೆ ಕಳಿಸಿದರೆ, ಅಲ್ಲಿಂದ ಹೊರಬರುವ ‘ಹೆಚ್ಚು ಅಪಾಯದ ಗುಚ್ಛ’ ಹುಡುಕಿ ತೆಗೆದದ್ದು ಪೆಥಾಲಜಿಸ್ಟ್ ಎಣಿಸದೆ ಬಿಟ್ಟ ಐದು ಗ್ರಂಥಿಗಳನ್ನೇ ಇರಬಹುದು.